ನಿಶ್ಚಿತಾರ್ಥ ಮಾಡ್ಕೊಂಡು ಹೋಗೋದಾ, ಮದುವೆಯಾಗಿ ಹೋಗೋದಾ?

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಊರು ಹಾಸನ, ಬೆಂಗಳೂರಿನಲ್ಲಿ ಕೆಲಸ. ನಾನು ಮದುವೆಯಾಗಬೇಕೆಂದಿರುವ ಹುಡುಗ ಅಮೆರಿಕದ ಓಹಾಯೋದವನು. ಅಲ್ಲೇ ಹುಟ್ಟಿದ ಸಿಟಿಜನ್, ಕ್ರಿಶ್ಚಿಯನ್ ಕುಟುಂಬ. ಕಳೆದ ವರ್ಷ ಇಲ್ಲಿಗೆ ಬಂದು ಮನೆಯವರನ್ನೆಲ್ಲ ಮಾತಾಡಿಸಿಕೊಂಡು ಹೋಗಿದ್ದಾನೆ. ಡಿಸೆಂಬರ್‌ನಲ್ಲಿ ಅವನಿಗೆ ಮೂರು ವಾರ ರಜೆ. ಕೆ-1 ಎಂಬ ಫಿಯಾನ್ಸೆ ವೀಸಾ ಬೇಗ ಸಿಗುತ್ತದೆ ಎಂದು ಅವನ ಸ್ನೇಹಿತರು ಹೇಳಿದ್ದಾರೆ. ನಮ್ಮಮ್ಮ ಹೇಳುವುದೇ ಬೇರೆ: "ಅಜ್ಜಿ ಇರುವಾಗಲೇ ಇಲ್ಲಿ ಧಾರೆ ಎರೆದುಬಿಡೋಣ. ರಿಜಿಸ್ಟರ್ ಮಾತ್ರ ಬೇಡ. ಕಾಗದದಲ್ಲಿ ಮದುವೆ ಆಗಿಲ್ಲ ಅಂತಲೇ ಇರುತ್ತೆ, ಆ ವೀಸಾದಲ್ಲೇ ಹೋಗು." ಅವನೂ ಹೂಂ ಅಂದಿದ್ದಾನೆ. ಏನು ಮಾಡಲಿ?
– ಹೆಸರು ಬೇಡ, ಹಾಸನ

ಉತ್ತರ: ಮೊದಲು ನಿಮ್ಮಮ್ಮನ ಮಾತಿಗೆ ಉತ್ತರ ಕೊಡುತ್ತೇನೆ. ಧಾರೆ ಎರೆಸಿಕೊಂಡು, ರಿಜಿಸ್ಟರ್ ಮಾಡಿಸದೆ, ಕೆ-1ಗೆ ಅರ್ಜಿ ಹಾಕಬೇಡಿ. ಅಮ್ಮನಿಗೆ ಬೇಜಾರಾಗುತ್ತದೆ, ಗೊತ್ತು. ಆದರೂ ಬೇಡ.

ನಾನು ವಕೀಲೆ ಅಲ್ಲ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಇಮಿಗ್ರೇಷನ್ ವಕೀಲರೊಬ್ಬರ ಆಫೀಸಿನಲ್ಲಿ ಫೈಲ್ ಜೋಡಿಸುತ್ತಿದ್ದವಳು. ನಮ್ಮ ಕಡೆಯ ಜೋಡಿಗಳ ಫೈಲು ಬಂದರೆ ನನ್ನ ಟೇಬಲ್ಲಿಗೇ ಬರುತ್ತಿತ್ತು. ಬಾಸಿಂಗ ಅಂದರೇನು, ಧಾರೆ ಅಂದರೇನು ಎಂದು ಅಲ್ಲಿ ಹೇಳುವವರು ಬೇರೆ ಯಾರಿದ್ದರು? ಅಂಥ ಒಂದು ಫೈಲಿನಲ್ಲಿ ಹುಡುಗಿ ಮನೆಯವರು "ನಿಶ್ಚಿತಾರ್ಥದ ಫೋಟೋ" ಅಂತ ಆಲ್ಬಂ ಕಳಿಸಿದ್ದರು. ತೆರೆದರೆ ಮಂಟಪ, ಹಾರ, ಪುರೋಹಿತರು, ಹಣೆಗೆ ಬಾಸಿಂಗ. ಮುಂಬೈನ ಅಮೆರಿಕ ಕಾನ್ಸುಲೇಟ್ ಸಂದರ್ಶನದಲ್ಲಿ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: ಮದುವೆ ಆಗಿಹೋಗಿದೆಯಲ್ಲ, ಫಿಯಾನ್ಸೆ ವೀಸಾ ಯಾಕೆ? ವೀಸಾ ಸಿಗಲಿಲ್ಲ. ಅರ್ಜಿ ಅಮೆರಿಕಕ್ಕೆ ವಾಪಸ್ ಹೋಯಿತು. ಕೊನೆಗೆ ಅವರು ಸರಿಯಾಗಿ ಮದುವೆಯಾಗಿ, ಬೇರೆ ಅರ್ಜಿ ಹಾಕಿ, ಮೊದಲಿಂದ ಕಾಯಬೇಕಾಯಿತು.

ನಿಮ್ಮ ವಿಷಯದಲ್ಲಿ ತೊಡಕು ಇನ್ನೂ ಜಾಸ್ತಿ. ಇಬ್ಬರೂ ಹಿಂದೂಗಳಾಗಿದ್ದರೆ 1955ರ ಹಿಂದೂ ವಿವಾಹ ಕಾಯ್ದೆ ಇದೆ. ಶಾಸ್ತ್ರದಲ್ಲಿ ಸಪ್ತಪದಿ ಇದ್ದರೆ ಏಳನೇ ಹೆಜ್ಜೆಗೆ ಮದುವೆ ಪೂರ್ತಿಯಾಯಿತು, ರಿಜಿಸ್ಟರ್ ಆಗಿರಲಿ ಬಿಡಲಿ. ರಿಜಿಸ್ಟರ್ ಮಾಡಿಸದಿದ್ದರೆ ಮದುವೆ ಆದಂತಲ್ಲ ಎಂಬ ಲೆಕ್ಕ ಅಲ್ಲಿ ನಡೆಯುವುದೇ ಇಲ್ಲ. ನಿಮ್ಮ ಹುಡುಗ ಹಿಂದೂ ಅಲ್ಲ, ಆದ್ದರಿಂದ ಆ ಕಾಯ್ದೆ ನಿಮಗೆ ಬರುವುದಿಲ್ಲ. ಅಂದರೆ ಧಾರೆ ಎರೆದರೂ ಕಾನೂನಿನ ಕಣ್ಣಿಗೆ ನೀವು ಗಂಡ ಹೆಂಡತಿ ಅಲ್ಲ, ಹಾಗಾಗಿ ಹೆಂಡತಿ ವೀಸಾ ಸಿಗದು. ಫೋಟೋ ನೋಡಿದ ವೀಸಾ ಅಧಿಕಾರಿಗೆ ನೀವು ಮದುವೆಯಾದವರೇ, ಹಾಗಾಗಿ ಫಿಯಾನ್ಸೆ ವೀಸಾವೂ ಸಿಗದು. ಎರಡೂ ಬಾಗಿಲು ಮುಚ್ಚಿ ನಡುವೆ ನಿಂತ ಹಾಗೆ. ಫೋಟೋ ತೋರಿಸದಿದ್ದರಾಯಿತು ಎನ್ನುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ವೀಸಾಕ್ಕಾಗಿ ಮುಖ್ಯವಾದ ವಿಷಯದಲ್ಲಿ ಸುಳ್ಳು ಹೇಳಿದ್ದು ಸಾಬೀತಾದರೆ ಅಮೆರಿಕದ ಬಾಗಿಲು ಜೀವನಪೂರ್ತಿ ಮುಚ್ಚಬಹುದು. ಅದಕ್ಕೆ ಮಾಫಿ ಕೇಳುವ ಅರ್ಜಿ ಬೇರೆ, ಅದರ ಒದ್ದಾಟ ಬೇರೆ.

ಈಗ ದಾರಿ ಯಾವುದು ಎನ್ನುವ ವಿಷಯಕ್ಕೆ ಬರೋಣ.

ಕೆ-1ಗೆ ಅಮೆರಿಕದ ಸಿಟಿಜನ್ ಆದವರು ಮಾತ್ರ ಅರ್ಜಿ ಹಾಕಬಹುದು, ಗ್ರೀನ್ ಕಾರ್ಡ್ ಇದ್ದರೆ ಸಾಲದು. ಅರ್ಜಿಯ ಹೆಸರು ಐ-129ಎಫ್. ಅರ್ಜಿಗೆ ಮುಂಚಿನ ಎರಡು ವರ್ಷದೊಳಗೆ ಇಬ್ಬರೂ ಎದುರಾಬದುರು ಭೇಟಿಯಾಗಿರಬೇಕು. ನಿಮಗೆ ಅದು ಆಗಿದೆ. ವೀಸಾ ಸಿಕ್ಕಿ ಅಲ್ಲಿಗೆ ಹೋದ ಮೇಲೆ 90 ದಿನದೊಳಗೆ ಅದೇ ಹುಡುಗನನ್ನೇ ಮದುವೆಯಾಗಬೇಕು. ಆಮೇಲೆ ಅಲ್ಲಿಂದಲೇ ಗ್ರೀನ್ ಕಾರ್ಡಿಗೆ ಐ-485 ಹಾಕಬೇಕು. ಸ್ನೇಹಿತರು "ಬೇಗ" ಎಂದರಲ್ಲ, ಅವರು ವಿಮಾನ ಹತ್ತುವವರೆಗಿನ ಲೆಕ್ಕ ಹೇಳಿದ್ದು. ನಿಜವಾದ ಕಾಯುವಿಕೆ ಇಳಿದ ಮೇಲೆ ಶುರು. ಕೆಲಸದ ಪರ್ಮಿಟ್ ಬರುವ ತನಕ ದುಡಿಯುವ ಹಾಗಿಲ್ಲ. ಅಡ್ವಾನ್ಸ್ ಪೆರೋಲ್ ಎಂಬ ಕಾಗದ ಬರುವ ತನಕ ದೇಶ ಬಿಡುವ ಹಾಗಿಲ್ಲ. ಬಿಟ್ಟರೆ ಗ್ರೀನ್ ಕಾರ್ಡ್ ಅರ್ಜಿ ಕೈಬಿಟ್ಟಂತೆ ಲೆಕ್ಕ. ಅಜ್ಜಿಗೆ ಹುಷಾರಿಲ್ಲ ಎಂದು ಹಾಸನದಿಂದ ಫೋನ್ ಬಂದಾಗ ಇದರ ಬಿಸಿ ಗೊತ್ತಾಗುತ್ತದೆ. ತಿಂಗಳು ತಿಂಗಳು ಸ್ವಂತ ಸಂಬಳ ನೋಡಿ ಅಭ್ಯಾಸವಾದ ಹುಡುಗಿಯರು ಆ ಮೊದಲ ಚಳಿಗಾಲ ಮನೆಯಲ್ಲೇ ಕೂತು ಸೋತುಹೋಗುವುದನ್ನು ನಾನು ನೋಡಿದ್ದೇನೆ.

ಸಿಆರ್-1 ಎಂದರೆ ಮದುವೆಯಾದವರ ದಾರಿ. ಮದುವೆಯಾಗಿ, ಅವನು ಹೆಂಡತಿಗಾಗಿ ಐ-130 ಎಂಬ ಅರ್ಜಿ ಹಾಕಿ, ಅದು ಮಂಜೂರಾಗಿ, ನ್ಯಾಷನಲ್ ವೀಸಾ ಸೆಂಟರ್‌ನಲ್ಲಿ ಕಾಗದಪತ್ರ ಮುಗಿದು, ಮುಂಬೈನಲ್ಲಿ ಸಂದರ್ಶನ. ಬೆಂಗಳೂರಿನಲ್ಲೂ ಅಮೆರಿಕ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತಲ್ಲ ಎಂದು ಬಹಳ ಜನ ಕೇಳುತ್ತಾರೆ. ಉದ್ಘಾಟನೆಯ ಜೊತೆಗೇ ಅಲ್ಲಿ ವೀಸಾ ಕೆಲಸ ಶುರುವಾಗಲಿಲ್ಲ. ನೀವು ಮುಂಬೈ ರೈಲಿನ ಲೆಕ್ಕದಲ್ಲೇ ಇರಿ. ಈ ದಾರಿಯಲ್ಲಿ ಕಾಯುವುದೆಲ್ಲ ಇಲ್ಲೇ. ಬೆಂಗಳೂರಿನ ಕೆಲಸ ಬಿಡಬೇಕಾಗಿಲ್ಲ, ಅವನು ರಜೆ ಸಿಕ್ಕಾಗ ಬಂದು ಹೋಗಬಹುದು. ಅಲ್ಲಿಗೆ ಇಳಿದ ದಿನವೇ ನೀವು ಗ್ರೀನ್ ಕಾರ್ಡಿನವರು. ಮಾರನೇ ದಿನ ಕೆಲಸಕ್ಕೆ ಸೇರಬಹುದು, ಅದರ ಮಾರನೇ ದಿನ ಹಾಸನಕ್ಕೆ ವಾಪಸ್ ಬರಲೂಬಹುದು. ಮದುವೆಯಾಗಿ ಎರಡು ವರ್ಷ ತುಂಬುವ ಮುಂಚೆ ಹೋದರೆ ಮೊದಲು ಕೊಡುವುದು ಎರಡು ವರ್ಷದ ಕಾರ್ಡು. ಅದು ಮುಗಿಯುವ ಮುಂಚಿನ 90 ದಿನದಲ್ಲಿ ಇಬ್ಬರೂ ಸೇರಿ, ಕಾರ್ಡು ಮುಂದುವರಿಸಲು ಐ-751 ಎಂಬ ಅರ್ಜಿ ಹಾಕಬೇಕು. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಇಬ್ಬರೂ ಬರೆದಿಟ್ಟುಕೊಳ್ಳಿ. ಅವನೊಬ್ಬನಿಗೇ ಬಿಡಬೇಡಿ!

ದುಡ್ಡಿನ ಲೆಕ್ಕ ಯಾರೂ ಮೊದಲು ಕೂಡಿ ನೋಡುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಬಂದ ದರದ ಪ್ರಕಾರ ಕೆ-1ರಲ್ಲಿ ಅರ್ಜಿಗೆ 675 ಡಾಲರ್, ವೀಸಾಕ್ಕೆ 265, ಐ-485ಕ್ಕೆ 1,440, ಕೆಲಸದ ಪರ್ಮಿಟ್‌ಗೆ 260, ಅಡ್ವಾನ್ಸ್ ಪೆರೋಲ್‌ಗೆ 630. ಒಟ್ಟು 3,270. ಸಿಆರ್-1ರಲ್ಲಿ ಐ-130 ಆನ್‌ಲೈನ್ ಹಾಕಿದರೆ 625, ವೀಸಾಕ್ಕೆ 325, ಗಂಡನ ಆದಾಯದ ಪತ್ರ ನೋಡಲು 120, ಗ್ರೀನ್ ಕಾರ್ಡ್ ಅಚ್ಚಿಗೆ 235. ಒಟ್ಟು 1,305. ಮೆಡಿಕಲ್ ಎರಡಕ್ಕೂ ಬೇರೆ. ದರ ಆಗಾಗ ಏರುತ್ತದೆ, ಕಟ್ಟುವ ದಿನ ಸರ್ಕಾರಿ ವೆಬ್‌ಸೈಟಿನಲ್ಲೇ ನೋಡಿ ಕಟ್ಟಿ. ಆದಾಯದ ವಿಷಯದಲ್ಲಿ ಕೆ-1 ಸಲೀಸು ಎಂಬ ಮಾತೂ ಅರ್ಧ ಸತ್ಯ. ವೀಸಾ ಹಂತದಲ್ಲಿ ಬಡತನ ರೇಖೆಯ ಮಟ್ಟ ಇದ್ದರೆ ಸಾಕು, ನಿಜ. ಆದರೆ ಗ್ರೀನ್ ಕಾರ್ಡ್ ಹಂತದಲ್ಲಿ ಅದರ ಶೇ 125ರಷ್ಟು ಆದಾಯ ತೋರಿಸಲೇಬೇಕು.

ಹಿಂದೆ ಕೆ-1 ಬೇಗ ಆಗುತ್ತಿತ್ತು. ಈಗ ಎರಡು ದಾರಿಯೂ ವರ್ಷದ ಲೆಕ್ಕದ ಕೆಲಸವೇ, ಕೆ-1 ಕೆಲವು ತಿಂಗಳು ಮುಂದಿರಬಹುದು ಅಷ್ಟೆ. ಆ ಕೆಲವು ತಿಂಗಳಿಗಾಗಿ ಅಷ್ಟು ದುಡ್ಡು, ಅಷ್ಟು ದಿನ ಕೈಕಟ್ಟಿ ಕೂರುವುದು, ಜೊತೆಗೆ ಅಜ್ಜಿ ಎದುರು ಧಾರೆ ಇಲ್ಲ. ನಿಮ್ಮ ಮನೆಯ ಪರಿಸ್ಥಿತಿಗೆ ಸಿಆರ್-1 ಸರಿ ಎಂದೇ ನನ್ನ ಅಭಿಪ್ರಾಯ. ಅಮ್ಮನಿಗೆ ಹೇಳಿ: ಧಾರೆ ಎರೆಯಲಿ, ಹಾಸನಕ್ಕೆಲ್ಲ ಊಟ ಹಾಕಿಸಲಿ, ಆದರೆ ರಿಜಿಸ್ಟರ್ ಸಮೇತ.

ನಿಮ್ಮ ರಿಜಿಸ್ಟರ್ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಆಗಬೇಕು. ಮೂರು ವಾರದ ರಜೆಗೆ ಇಲ್ಲಿ ಪೆಟ್ಟು. ಇಬ್ಬರೂ ಸಹಿ ಮಾಡಿ ನೋಟಿಸ್ ಕೊಡಬೇಕು. ನಿಮ್ಮಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನದಿಂದ ವಾಸವಿರಬೇಕು. ನೀವು ಬೆಂಗಳೂರಲ್ಲೇ ಇರುವುದರಿಂದ ಅಲ್ಲಿ ಕೊಟ್ಟರೆ ತೊಂದರೆ ಇಲ್ಲ. ನೋಟಿಸ್ ಹಾಕಿ 30 ದಿನ ಕಳೆಯಬೇಕು, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗಬೇಕು, ಮೂವರು ಸಾಕ್ಷಿಗಳು ಬೇಕು. ಅವನು ಡಿಸೆಂಬರ್‌ನಲ್ಲಿ ಇಳಿದು ನೋಟಿಸ್ ಕೊಟ್ಟರೆ ರಜೆ ಮುಗಿದೇ ಹೋಗುತ್ತದೆ. ಅಕ್ಟೋಬರ್‌ನಲ್ಲೋ ನವೆಂಬರ್ ಮೊದಲಲ್ಲೋ ನಾಲ್ಕು ದಿನ ಬಂದು ನೋಟಿಸ್ ಕೊಟ್ಟು ಹೋದರೆ ಡಿಸೆಂಬರ್‌ಗೆ ಸರಿಹೋಗುತ್ತದೆ. ನೋಟಿಸಿಗೆ ಅವನು ಖುದ್ದಾಗಿ ಬರಲೇಬೇಕಾ, ಮದುವೆಯಾಗಿಲ್ಲ ಎಂಬುದಕ್ಕೆ ಯಾವ ಅಫಿಡವಿಟ್ ಬೇಕು ಎಂದು ನಿಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಈಗಲೇ ಕೇಳಿ, ಬರೆದುಕೊಳ್ಳಿ.

ಎರಡು ಸಲ ಬರಲು ಆಗುವುದೇ ಇಲ್ಲ ಎಂದರೆ ಅಮೆರಿಕದ ಯೂಟಾ ಕೌಂಟಿಯಲ್ಲಿ ವಿಡಿಯೋ ಮೂಲಕ ಕಾನೂನುಬದ್ಧವಾಗಿ ಮದುವೆಯಾಗುವ ವ್ಯವಸ್ಥೆ ಇದೆ. ಇಬ್ಬರೂ ಅಲ್ಲಿ ಇರಬೇಕಾಗಿಲ್ಲ. ಆದರೆ ಆ ಮದುವೆಯ ನಂತರ ಇಬ್ಬರೂ ಭೇಟಿಯಾಗಿ ಗಂಡ ಹೆಂಡತಿಯಾಗಿ ಜೊತೆಗಿದ್ದ ಮೇಲೆಯೇ ಅಮೆರಿಕ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು. ಡಿಸೆಂಬರ್ ಧಾರೆ ಆಮೇಲೆ ಬಂದರೆ ಸರಿಹೊಂದುತ್ತದೆ. ನನಗೇನೋ ಸಬ್ ರಿಜಿಸ್ಟ್ರಾರ್ ಕಾಗದವೇ ಇಷ್ಟ. ಬ್ಯಾಂಕಿನವರಿಗೂ ಪಾಸ್‌ಪೋರ್ಟ್ ಆಫೀಸಿನವರಿಗೂ ಅದನ್ನು ಕೂತು ವಿವರಿಸಬೇಕಾಗಿಲ್ಲ.

ಇನ್ನೊಂದು. ನಿಮ್ಮ ಪಾಸ್‌ಪೋರ್ಟ್ ತೆಗೆದು ಸರ್‌ನೇಮ್ ಜಾಗ ಖಾಲಿ ಇದೆಯಾ ನೋಡಿ. ನಮ್ಮ ಕಡೆ ಅಪ್ಪನ ಹೆಸರು, ಊರ ಹೆಸರು ಎಲ್ಲ ಇನಿಷಿಯಲ್‌ನಲ್ಲಿ ಮುಗಿದುಹೋಗಿರುತ್ತದೆ. ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಪೂರ್ತಿ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು", ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಕೂರುತ್ತದೆ. ಆಮೇಲೆ ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್, ಎಲ್ಲ ಕಡೆ ನಿಮ್ಮನ್ನು ಆ ಹೆಸರಲ್ಲೇ ಕೂಗುತ್ತಾರೆ. ಅರ್ಜಿಗೆ ಮುಂಚೆಯೇ ಪಾಸ್‌ಪೋರ್ಟ್ ಸರಿ ಮಾಡಿಸಿ. ಜನನ ಪ್ರಮಾಣಪತ್ರ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಮದುವೆ ಸರ್ಟಿಫಿಕೇಟ್ ಎಲ್ಲದರಲ್ಲೂ ಸ್ಪೆಲ್ಲಿಂಗ್ ಒಂದೇ ಇರಲಿ.

ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲೇ ಮದುವೆಯಾಗಿ ಉಳಿದುಬಿಡೋಣ ಎಂದು ಮುಂದಿನ ವಾರ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಉಳಿಯುವ ಉದ್ದೇಶ ಇಟ್ಟುಕೊಂಡು ಸುಮ್ನೆ ಸುತ್ತಾಡಲು ಬಂದೆ ಎನ್ನುವುದು ಮೊದಲು ಹೇಳಿದ ಸುಳ್ಳಿನ ಜಾತಿಗೇ ಸೇರಿದ್ದು.

ಪ್ರಶ್ನೆ: ನನಗೆ 43, ವಿಚ್ಛೇದನ ಆಗಿದೆ. ಮಗಳಿಗೆ ಈಗ 19 ತುಂಬಿತು, ಶಿವಮೊಗ್ಗದಲ್ಲೇ ಡಿಗ್ರಿ ಓದುತ್ತಿದ್ದಾಳೆ. ಅಮೆರಿಕದ ಸಿಟಿಜನ್ ಒಬ್ಬರನ್ನು ಮದುವೆಯಾಗಲಿದ್ದೇನೆ. ಇಲ್ಲೇ ಮದುವೆ ಮುಗಿಸಿ ಇಬ್ಬರೂ ಒಟ್ಟಿಗೆ ಹೋಗಬಹುದಾ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಅಮ್ಮಾ, ಇಲ್ಲಿ ಮದುವೆಯಾಗಬೇಡಿ! ಹಾಸನದ ಹುಡುಗಿಗೆ ಹೇಳಿದ್ದಕ್ಕೆ ಪೂರಾ ಉಲ್ಟಾ ಹೇಳುತ್ತಿದ್ದೇನೆ, ಕಾರಣ ನಿಮ್ಮ ಮಗಳ ವಯಸ್ಸು. ಗಂಡ ನಿಮ್ಮ ಮಗಳಿಗೆ ಮಲತಂದೆಯಾಗಿ ಅರ್ಜಿ ಹಾಕಬೇಕಾದರೆ ಅವಳಿಗೆ 18 ತುಂಬುವ ಮುಂಚೆ ನಿಮ್ಮ ಮದುವೆ ಆಗಿರಬೇಕಿತ್ತು. ಆ ಗಡಿ ದಾಟಿದೆ. ಮದುವೆಯಾಗಿ ಹೋದರೆ ನೀವೊಬ್ಬರೇ ಹೋಗುತ್ತೀರಿ. ಆಮೇಲೆ ನಿಮ್ಮ ಗ್ರೀನ್ ಕಾರ್ಡಿನ ಮೇಲೆ ಮಗಳಿಗೆ ಅರ್ಜಿ ಹಾಕಬಹುದು, ಆದರೆ ಆ ಸಾಲು ಬಹಳ ಉದ್ದ.

ಕೆ-1ರಲ್ಲಿ ಮಾತ್ರ 21ರ ಒಳಗಿನ, ಮದುವೆಯಾಗದ ಮಕ್ಕಳಿಗೆ ಜೊತೆಗೆ ಹೋಗಲು ಕೆ-2 ವೀಸಾ ಸಿಗುತ್ತದೆ. 21 ತುಂಬುವ ಮುಂಚೆ ಅವಳು ಅಮೆರಿಕದೊಳಗೆ ಕಾಲಿಟ್ಟಿದ್ದು, ನೀವು 90 ದಿನದೊಳಗೆ ಮದುವೆಯಾದರೆ, ಗ್ರೀನ್ ಕಾರ್ಡ್ ಬರುವಷ್ಟರಲ್ಲಿ 21 ದಾಟಿದರೂ ಪರವಾಗಿಲ್ಲ. 2011ರಲ್ಲಿ ಅಲ್ಲಿನ ಇಮಿಗ್ರೇಷನ್ ಮೇಲ್ಮನವಿ ಮಂಡಳಿ ಹಾಗೆ ತೀರ್ಪು ಕೊಟ್ಟಿದೆ. ಅರ್ಜಿಗೇ ವರ್ಷದ ಮೇಲಾಗುವುದರಿಂದ ತಡ ಮಾಡಬೇಡಿ. ಐ-129ಎಫ್‌ನಲ್ಲಿ ಮಗಳ ಹೆಸರು ಬರೆದಿದ್ದಾರಾ ಎಂದು ಕಳಿಸುವ ಮುಂಚೆ ನೀವೇ ಓದಿ ನೋಡಿ. ಗ್ರೀನ್ ಕಾರ್ಡ್ ಅರ್ಜಿಯ ದುಡ್ಡು ಅವಳಿಗೂ ಬೇರೆಯಾಗಿ ಕಟ್ಟಬೇಕು.

ವಿಚ್ಛೇದನಕ್ಕೆ ಕೋರ್ಟಿನ ಡಿಕ್ರಿಯ ದೃಢೀಕೃತ ಪ್ರತಿ ಬೇಕು. ಊರ ಪಂಚಾಯಿತಿಯಲ್ಲಿ ಬರೆಸಿಕೊಂಡ ಬಿಡುಗಡೆ ಪತ್ರ ಮಾತ್ರ ಇದ್ದರೆ, ಬೇರೆ ಯಾವ ಅರ್ಜಿಗೂ ಮುಂಚೆ ಒಬ್ಬ ವಕೀಲರನ್ನು ಕಾಣಿ.

ಪ್ರಶ್ನೆ: ಮಗ ಫ್ರಾನ್ಸಿನ ಹುಡುಗಿಯನ್ನು ಮದುವೆಯಾಗಿ ಪುತ್ತೂರಿನಲ್ಲೇ ನೆಲೆಸುತ್ತಾನಂತೆ. ಸೊಸೆಗೆ ತಕ್ಷಣ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಸಿಗುತ್ತದಾ? ಅವಳ ಹೆಸರಿಗೆ ಸ್ವಲ್ಪ ಅಡಿಕೆ ತೋಟ ತೆಗೆಯುವ ಆಸೆ ನನಗೆ.
– ಒಬ್ಬ ಮಾವ, ಪುತ್ತೂರು

ಉತ್ತರ: ತಕ್ಷಣ ಸಿಗುವುದಿಲ್ಲ ಮಾವಯ್ಯ. ಮದುವೆ ರಿಜಿಸ್ಟರ್ ಆಗಿ, ಸತತ ಎರಡು ವರ್ಷ ಸಂಸಾರ ನಡೆದ ಮೇಲೆ ಅರ್ಜಿ. ಅಲ್ಲಿಯವರೆಗೆ ಎಂಟ್ರಿ ವೀಸಾ, ಅದರ ವಿಸ್ತರಣೆ ಎಲ್ಲ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಆನ್‌ಲೈನ್‌ನಲ್ಲೇ. ಮುಂದೆ ವಿಚ್ಛೇದನವಾದರೆ ಆ ಕಾರ್ಡು ರದ್ದಾಗುತ್ತದೆ ಎಂಬುದೂ ಸೊಸೆಗೆ ಗೊತ್ತಿರಲಿ. ತೋಟದ ವಿಷಯ ಮಾತ್ರ ಆಗದು. ಒಸಿಐ ಇದ್ದರೂ ಕೃಷಿ ಜಮೀನು, ತೋಟ ಕೊಳ್ಳುವ ಹಾಗಿಲ್ಲ. ಮನೆ ಕೊಳ್ಳಬಹುದು. ತೋಟ ಮಗನ ಹೆಸರಿಗೇ ಮಾಡಿ.