ಎಸಿ ಹಾಕಿದ ಕೋಣೆಯಲ್ಲೂ ಕಿಟಕಿ ತೆರೆದರೆ ಕೋವಿಡ್‌ನಂಥ ಸೋಂಕು ಹರಡುವುದು ತಗ್ಗುತ್ತದೆಯೇ?

ಖಂಡಿತ ತಗ್ಗುತ್ತದೆ. ಸೋಂಕಿತರು ಉಸಿರಾಡುವಾಗ, ಮಾತನಾಡುವಾಗ ಹೊರಬೀಳುವ ಅತಿಸೂಕ್ಷ್ಮ ಹನಿಗಳು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಾ ದಟ್ಟವಾಗುತ್ತವೆ. ಹೊರಗಾಳಿ ಒಳಬಂದಷ್ಟೂ ಅವುಗಳ ದಟ್ಟಣೆ ತಗ್ಗಿ, ಅವು ಹೊರಹೋಗುತ್ತವೆ. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಾಳಿಯನ್ನು ತರುವುದಿಲ್ಲ, ಒಳಗಿನದನ್ನೇ ತಂಪುಗೊಳಿಸಿ ಸುತ್ತಿಸುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. 2020ರ ಜನವರಿಯಲ್ಲಿ ಚೀನಾದ ಗುವಾಂಗ್‌ಝೌ ನಗರದ ಕಿಟಕಿಯಿಲ್ಲದ ರೆಸ್ಟೋರೆಂಟೊಂದರಲ್ಲಿ, ಎಸಿ ಗಾಳಿಯ ಹಾದಿಯಲ್ಲಿದ್ದ ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಊಟ ಮಾಡಿದ ಮೂರು ಕುಟುಂಬಗಳಲ್ಲಿ ಒಟ್ಟು 10 ಮಂದಿಗೆ ಕೋವಿಡ್ ದೃಢಪಟ್ಟಿತು.

ಆದ್ದರಿಂದ ಎದುರುಬದುರಿನ ಕಿಟಕಿಗಳನ್ನು ಸ್ವಲ್ಪವಾದರೂ ತೆರೆದಿಡಿ; ಒಂದೇ ಕಿಟಕಿಯಿದ್ದರೆ ಗಾಳಿಯನ್ನು ಹೊರದಬ್ಬುವ ಎಕ್ಸಾಸ್ಟ್ ಫ್ಯಾನ್ ಅಳವಡಿಸಿ. ತೀರಾ ಹತ್ತಿರ ಕುಳಿತು ಮಾತನಾಡುವವರಿಗೆ ಮಾತ್ರ ಇದಷ್ಟೇ ಸಾಲದು, ಅಲ್ಲಿ ಮಾಸ್ಕ್ ಬೇಕೇ ಬೇಕು.