ಪ್ರಾಜೆಕ್ಟ್ ಜೆಆರ್‌ಎಫ್ ಹುದ್ದೆಗೆ ಸೇರಿದರೆ ಕೆಮಿಕಲ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿಗೆ ಸೇರಿದಂತೆಯೇ?

ಖಂಡಿತ ಅಲ್ಲ. ಧಾರವಾಡದಲ್ಲಿ ಭೌತಶಾಸ್ತ್ರದ ಎಂಎಸ್ಸಿ ಮುಗಿಸಿ, ತಿಂಗಳಿಗೆ 37,000 ರೂಪಾಯಿಯ ಪ್ರಾಜೆಕ್ಟ್ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೊ) ಹುದ್ದೆಯ ಕರೆ ಹಿಡಿದುಕೊಂಡು, ಸೇರಲೇ ಅಥವಾ ಫೆಲೊಶಿಪ್ ಕೊಡಿಸುವ ನೆಟ್ ಪರೀಕ್ಷೆಗೆ ಓದಲೇ ಎಂದು ಕೇಳುತ್ತಿದ್ದೀರಿ. ನಾನು ಯಾರನ್ನೂ ಕೇಳದೆ ಇಂಥದೇ ಹುದ್ದೆಗೆ ಹೋಗಿ ಸೇರಿಬಿಟ್ಟಿದ್ದೆ.

ನಾನು ಗದಗಿನವನು. ಎಂಎಸ್ಸಿ ಮುಗಿದ ವರ್ಷವೇ ಇಂಥ ಹುದ್ದೆಗೆ ಅರ್ಹತೆ ಕೊಡುವ ಗೇಟ್ ಪರೀಕ್ಷೆ ಪಾಸಾಗಿತ್ತು. ಮನೆಯಲ್ಲಿ ತಂಗಿಯ ಮದುವೆಯ ಮಾತು ನಡೆದಿತ್ತು. ತಿಂಗಳಿಗೆ 25,000 ರೂಪಾಯಿ ಬರುತ್ತದೆ ಎಂದಾಗ ಅಪ್ಪನಿಗೆ ಜೀವ ಬಂದಂತಾಯಿತು. ಕೆಲಸವೂ ನನ್ನನ್ನು ಹಿಡಿದಿಟ್ಟಿತು. ಕೆಮಿಕಲ್ ಫಿಸಿಕ್ಸ್ ಎಂದರೆ ಅಣುಗಳ ವರ್ತನೆಯನ್ನು ಭೌತಶಾಸ್ತ್ರದ ಕಣ್ಣಿನಿಂದ ನೋಡುವುದು. ಕೌಮರಿನ್ ಗುಂಪಿನ ಒಂದು ಬಣ್ಣವನ್ನು ಬೇರೆ ಬೇರೆ ದ್ರಾವಕಗಳಲ್ಲಿ ಕರಗಿಸಿ, ಅದು ಸೂಸುವ ಬೆಳಕನ್ನು ಅಳೆಯಬೇಕು. ದ್ರಾವಣ ತುಂಬುವ ಪುಟ್ಟ ಚೌಕ ಪಾತ್ರೆಯಾದ ಕ್ವಾರ್ಟ್ಜ್ ಕ್ಯುವೆಟ್ಟಿನ ನಾಲ್ಕೂ ಮೈ ನುಣುಪು, ಹಿಡಿದರೆ ಕಲೆ ಬೀಳುತ್ತದೆ. ಮೇಲಿನ ಅಂಚಿನಲ್ಲಷ್ಟೇ ಬೆರಳಿಡಬೇಕು. ಸೈಕ್ಲೋಹೆಕ್ಸೇನ್‌ನಲ್ಲಿ ನೀಲಿಯಾಗಿ ಹೊಳೆಯುತ್ತಿದ್ದ ಅದೇ ಅಣು ಮೆಥನಾಲ್‌ನಲ್ಲಿ ಹಸಿರಿಗೆ ತಿರುಗುತ್ತಿತ್ತು. ಬೆಳಕು ಹೀರಿದ ಅಣುವಿನೊಳಗೆ ವಿದ್ಯುದಾವೇಶ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ, ಸುತ್ತಲಿನ ಮೆಥನಾಲ್ ಅಣುಗಳು ಅದಕ್ಕೆ ತಕ್ಕಂತೆ ಹೊರಳಿ ನಿಲ್ಲುತ್ತವೆ. ಬಣ್ಣ ಎಷ್ಟು ಸರಿಯಿತು ಎಂಬುದರಿಂದ ಬೆಳಕು ಹೀರಿದ ಆ ಸ್ಥಿತಿಯ ಡೈಪೋಲ್ ಮೊಮೆಂಟ್, ಅಂದರೆ ಅಣುವಿನಲ್ಲಿ ಧನ ಮತ್ತು ಋಣ ಆವೇಶಗಳು ಎಷ್ಟು ಬೇರ್ಪಟ್ಟಿವೆ ಎಂಬುದರ ಅಳತೆ, ಲೆಕ್ಕ ಹಾಕಬಹುದು. ಇದರಲ್ಲಿ ಮುಳುಗಿದವನಿಗೆ ಕಾಗದಪತ್ರದ ನೆನಪೇ ಬರಲಿಲ್ಲ.

ನನ್ನನ್ನು ಮುಳುಗಿಸಿದ್ದೂ ಅದೇ ಕಾಗದ. ನೇಮಕಾತಿ ಆದೇಶದ ಕೊನೆಯ ಸಾಲಿನಲ್ಲಿ ಈ ಹುದ್ದೆ ಸಂಪೂರ್ಣ ತಾತ್ಕಾಲಿಕ, ಪ್ರಾಜೆಕ್ಟ್ ಮುಗಿದ ದಿನವೇ ಕೊನೆಗೊಳ್ಳುತ್ತದೆ ಎಂದಿತ್ತು. ಓದಿದೆ, ಸಹಿ ಹಾಕಿದೆ, ಅರ್ಥ ಮಾಡಿಕೊಳ್ಳಲಿಲ್ಲ. ಆ ಹಣ ನನ್ನ ಹೆಸರಿನದಲ್ಲ, ಮಾರ್ಗದರ್ಶಕರ ಪ್ರಾಜೆಕ್ಟಿನದು. ಪಿಎಚ್‌ಡಿ ನೋಂದಣಿ ಬೇರೆಯೇ ವ್ಯವಹಾರ: ವಿಶ್ವವಿದ್ಯಾಲಯ ಅಧಿಸೂಚನೆ ಹೊರಡಿಸಬೇಕು, ಪ್ರವೇಶ ಪ್ರಕ್ರಿಯೆ ನಡೆಯಬೇಕು, ಕೋರ್ಸ್‌ವರ್ಕ್ ಮುಗಿಸಬೇಕು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೇಳುವ ಕನಿಷ್ಠ 3 ವರ್ಷದ ಲೆಕ್ಕ ಶುರುವಾಗುವುದು ಪಿಎಚ್‌ಡಿಗೆ ಪ್ರವೇಶ ಪಡೆದ ಮೇಲೆ. ಪ್ರಯೋಗಾಲಯದ ಬಾಗಿಲು ತೆರೆದ ದಿನದಿಂದಲ್ಲ. ನೋಂದಣಿ ಯಾವಾಗ ಸರ್ ಎಂದು ಕೇಳಿದಾಗಲೆಲ್ಲ ನೋಡೋಣ ಎಂಬ ಉತ್ತರ ಬರುತ್ತಿತ್ತು. ಅದನ್ನೇ ಒಪ್ಪಿಗೆ ಎಂದುಕೊಂಡೆ. ಪ್ರಾಜೆಕ್ಟ್ ಮುಗಿಯುವ ಹೊತ್ತಿಗೆ ನನ್ನ ಗೇಟ್ ಅಂಕಗಳ 3 ವರ್ಷದ ಅವಧಿಯೂ ತೀರಿತ್ತು. ಅಳೆದ ರೋಹಿತಗಳೆಲ್ಲ (ಬೆಳಕಿನ ಸ್ಪೆಕ್ಟ್ರಮ್‌ಗಳು) ಪ್ರಾಜೆಕ್ಟ್ ವರದಿಯ ಪಾಲಾದವು. ಮತ್ತೆ ಓದಿ, ನೆಟ್ ಬರೆದು, ಜೆಆರ್‌ಎಫ್ ಪಡೆದು, ಬೇರೊಂದು ಊರಿನಲ್ಲಿ ಮೊದಲಿನಿಂದ ಆರಂಭಿಸಿದೆ.

ಆದ್ದರಿಂದ ಸೇರಲೇ, ಓದಲೇ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಹಣ ಯಾರ ಹೆಸರಿನಲ್ಲಿದೆ ಎಂದು ಕೇಳಿ. ನೆಟ್ ಬರೆದು ಪಡೆಯುವ ಸಿಎಸ್‌ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ಅಥವಾ ಯುಜಿಸಿ ಜೆಆರ್‌ಎಫ್ ನಿಮ್ಮದೇ ಸ್ವತ್ತು. ಮೊದಲ 2 ವರ್ಷ ತಿಂಗಳಿಗೆ 37,000, ಕೆಲಸದ ಪರಿಶೀಲನೆಯಾದ ಮೇಲೆ 42,000, ಒಟ್ಟು 5 ವರ್ಷದವರೆಗೆ. ಅದು ಕೈಯಲ್ಲಿದ್ದರೆ ಮಾರ್ಗದರ್ಶಕರನ್ನು ನೀವೇ ಆರಿಸಿಕೊಳ್ಳಬಹುದು.

ಕೆಮಿಕಲ್ ಫಿಸಿಕ್ಸ್ ವಿಭಾಗಗಳೇ ಇಲ್ಲ ಎಂದೂ ಕೊರಗಿದ್ದೀರಿ. ಆ ಫಲಕ ಹುಡುಕುವುದನ್ನು ಬಿಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಾಲಿಡ್ ಸ್ಟೇಟ್ ಅಂಡ್ ಸ್ಟ್ರಕ್ಚರಲ್ ಕೆಮಿಸ್ಟ್ರಿ ಘಟಕ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ರಾಸಾಯನಿಕ ವಿಜ್ಞಾನ ವಿಭಾಗ, ಕೋಲ್ಕತ್ತದ ಎಸ್. ಎನ್. ಬೋಸ್ ಕೇಂದ್ರ, ಇಲ್ಲೆಲ್ಲ ನಡೆಯುವುದು ಇದೇ ಕೆಲಸ. ವಿಭಾಗದ ಹೆಸರು ನೋಡಿ ಹಿಂದೆ ಸರಿಯದೆ ಪ್ರಾಧ್ಯಾಪಕರ ಪ್ರಬಂಧಗಳನ್ನು ಓದಿ, ಅರ್ಹತೆಯ ವಿವರವನ್ನು ಪ್ರಕಟಣೆಯಲ್ಲಿ ನೋಡಿ. ಜರ್ಮನಿಯ ಬಹಳಷ್ಟು ಪಿಎಚ್‌ಡಿ ಸ್ಥಾನಗಳು ಒಪ್ಪಂದವಿರುವ ಉದ್ಯೋಗಗಳೇ. ಅಲ್ಲಿ ನೇರವಾಗಿ ಪ್ರಾಧ್ಯಾಪಕರಿಗೇ ಬರೆಯಬಹುದು.

ಈಗ ಬಂದಿರುವ ಕರೆಗೆ ಉತ್ತರವಾಗಿ ಒಂದು ಇಮೇಲ್ ಬರೆಯಿರಿ: ಮುಂದಿನ ಅಧಿಸೂಚನೆಯಲ್ಲಿ ನನ್ನನ್ನು ಪಿಎಚ್‌ಡಿಗೆ ತೆಗೆದುಕೊಳ್ಳುತ್ತೀರಾ, ಪ್ರಾಜೆಕ್ಟಿನ ಅವಧಿ ಎಷ್ಟು ಉಳಿದಿದೆ, ಪ್ರಾಜೆಕ್ಟಿನಲ್ಲಿ ಸಿಗುವ ದತ್ತಾಂಶವನ್ನು ನನ್ನ ಪಿಎಚ್‌ಡಿ ಪ್ರಬಂಧಕ್ಕೆ ಬಳಸಬಹುದೇ. ಕೇಳಲು ಸಂಕೋಚ ಬೇಡ, ಒಳ್ಳೆಯ ಮಾರ್ಗದರ್ಶಕರು ಇದಕ್ಕೆ ಸಿಟ್ಟಾಗುವುದಿಲ್ಲ. ಸ್ಪಷ್ಟ ಉತ್ತರ ಬಂದರೆ ಸೇರಿ, ಸಂಜೆ ಹೊತ್ತು ನೆಟ್‌ಗೆ ಓದಿ. ಬರದಿದ್ದರೆ ಧಾರವಾಡದ ಸಪ್ತಾಪುರದ ನಿಮ್ಮ ಕೋಣೆಯನ್ನು ಬಿಡದೆ ಮುಂದಿನ ನೆಟ್ ಅರ್ಜಿ ತುಂಬಿ.