ಐರನ್ ಮಾತ್ರೆ ನಿಲ್ಲಿಸಿದ್ದೇನೆ, ಮಗುವಿಗೆ ತೊಂದರೆ ಆಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನನಗೀಗ ಆರು ತಿಂಗಳು ತುಂಬಿದೆ. ಐರನ್ ಮಾತ್ರೆ ಶುರು ಮಾಡಿದ ಮೇಲೆ ಮಲ ಕಪ್ಪಗೆ ಹೋಗುತ್ತಿದೆ, ಮಲಬದ್ಧತೆ ಬೇರೆ. ಹೆದರಿ ಹತ್ತು ದಿನದಿಂದ ಬಿಟ್ಟಿದ್ದೇನೆ. ಅದರ ಬದಲು ಜಿಂಕ್ ಮಾತ್ರೆ ತೆಗೆದುಕೊಂಡರೆ ಮಗು ದಪ್ಪಗೆ ಹುಟ್ಟುತ್ತದೆ ಅಂತಾರೆ. ನಿಜವಾ?

ಉತ್ತರ: ಮೊದಲು ಹೆದರಿಕೆ ಬಿಡಿ. ಮೈಗೆ ಹತ್ತದೆ ಉಳಿದ ಕಬ್ಬಿಣ ಹೊರಗೆ ಹೋಗುವಾಗ ಮಲ ಕಪ್ಪಾಗುತ್ತದೆ, ಅಷ್ಟೇ. ಡಾಂಬರಿನ ಹಾಗೆ ಅಂಟಂಟಾಗಿದ್ದರೆ, ಇಲ್ಲವೇ ಹೊಟ್ಟೆನೋವು ಇದ್ದರೆ ಮಾತ್ರ ತಕ್ಷಣ ತೋರಿಸಿ. ಮಲಬದ್ಧತೆಗೆ ನೀರು ಜಾಸ್ತಿ ಕುಡಿಯಿರಿ. ಆಗಲೂ ಸರಿಹೋಗದಿದ್ದರೆ ನಿಮ್ಮ ಡಾಕ್ಟರಿಗೆ ಹೇಳಿ, ಡೋಸ್ ಇಳಿಸಬಹುದು, ಬೇರೆ ಮಾತ್ರೆಯನ್ನೂ ಬರೆದುಕೊಡಬಹುದು.

ಆದರೆ ನೀವಾಗಿಯೇ ನಿಲ್ಲಿಸಬೇಡಿ, ಅದೂ ಈಗ. ಮಗು ತನ್ನ ಪಾಲಿನ ಕಬ್ಬಿಣವನ್ನು ಹೆಚ್ಚಾಗಿ ಕೂಡಿಟ್ಟುಕೊಳ್ಳುವುದೇ ಈ ಕೊನೆಯ ಮೂರು ತಿಂಗಳಲ್ಲಿ. ಎದೆಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ, ಹಾಗಾಗಿ ಹುಟ್ಟಿದ ಮೇಲೆ ನಾಲ್ಕರಿಂದ ಆರು ತಿಂಗಳವರೆಗೆ ಮಗು ನೆಚ್ಚಿಕೊಂಡಿರುವುದು ಹೊಟ್ಟೆಯಲ್ಲಿದ್ದಾಗ ಕಟ್ಟಿಕೊಂಡ ಆ ಗಂಟನ್ನೇ, ಮಿದುಳು ಭರದಿಂದ ಬೆಳೆಯುವ ಸಮಯವೂ ಅದೇ ಅಲ್ವಾ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಬೇಗನೆ ಐರನ್ ಡ್ರಾಪ್ಸ್ ಶುರು ಮಾಡುವುದೂ ಇದಕ್ಕೇ, ಅವಕ್ಕೆ ಕೂಡಿಡಲು ಸಮಯವೇ ಸಿಕ್ಕಿರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಿಗೆ ಹೇಳುವುದು ದಿನಕ್ಕೆ 30ರಿಂದ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಮಾತ್ರೆಯ ಪಟ್ಟಿಯ ಹಿಂದೆ ಒಮ್ಮೆ ನೋಡಿ. ಫೆರಸ್ ಫ್ಯೂಮರೇಟ್ 200 ಮಿಲಿಗ್ರಾಂ ಅಂತ ಇದ್ದರೆ ಅದರಲ್ಲಿರುವ ಕಬ್ಬಿಣ ಸುಮಾರು 65 ಮಿಲಿಗ್ರಾಂ ಮಾತ್ರ. ದೊಡ್ಡ ಅಂಕಿ ನೋಡಿ ಸುಮ್ನೆ ಗಾಬರಿಯಾಗುವವರು ತುಂಬಾ ಜನ.

ಜಿಂಕ್ ವಿಷಯ: ಅದು ಬೇಕಾದದ್ದೇ, ಆದರೆ ಅದರ ಮಾತ್ರೆಯಿಂದ ಮಗುವಿನ ತೂಕ ಹೆಚ್ಚುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಐರನ್ ಬದಲಿಗಂತೂ ಅದು ಆಗುವುದೇ ಇಲ್ಲ. ಅಯೋಡಿನ್ ಕಡಿಮೆಯಾದರೆ ಮಗುವಿನ ಮಿದುಳಿಗೆ ಪೆಟ್ಟು, ಅತಿಯಾದರೆ ಅದರ ಥೈರಾಯ್ಡ್‌ಗೆ ತೊಂದರೆ. ಅದಕ್ಕೇ ಯಾರೋ ಹೇಳಿದರು ಅಂತ ಮಾತ್ರೆಯ ಮೇಲೆ ಮಾತ್ರೆ ಸೇರಿಸಬೇಡಿ. ಕ್ಯಾಲ್ಸಿಯಂ ಬರೆದುಕೊಟ್ಟಿದ್ದರೆ ಅದನ್ನೂ ಐರನ್ನನ್ನೂ ಒಟ್ಟಿಗೆ ನುಂಗಬೇಡಿ, ಕ್ಯಾಲ್ಸಿಯಂ ಇದ್ದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಬೆಳಿಗ್ಗೆ, ಇನ್ನೊಂದು ರಾತ್ರಿ ಇರಲಿ. ಐರನ್ ಮಾತ್ರೆಯ ಹಿಂದೆಮುಂದೆ ಟೀ, ಕಾಫಿಯೂ ಬೇಡ.

ಇವತ್ತಿನಿಂದಲೇ ಮತ್ತೆ ಶುರು ಮಾಡಿ. ತಪ್ಪಿದ ಹತ್ತು ದಿನದ್ದನ್ನು ಸರಿದೂಗಿಸಲು ಎರಡೆರಡು ತೆಗೆದುಕೊಳ್ಳಬೇಡಿ, ದಿನಕ್ಕೆ ಬರೆದುಕೊಟ್ಟಷ್ಟೇ ಸಾಕು. ಮುಂದಿನ ಸಲ ತೋರಿಸಲು ಹೋದಾಗ ಹಿಮೋಗ್ಲೋಬಿನ್ ನೋಡಿಸಿ, ನಡುವೆ ಬಿಟ್ಟಿದ್ದೆ ಅಂತ ಮುಚ್ಚಿಡದೆ ಹೇಳಿ.